ಪರದೆಯ ಈಚೆ ನಿಂತ ಉಸಿರು

“ನಾಳಿಯಿಂದ ಇಲ್ಲಿಗಿ ಬರಬ್ಯಾಡ್ರಿ,” ಪರದೆಯ ಆಚೆಯಿಂದ ಅಬ್ರಾರ್ ಹೇಳಿದ.

ಮಂಚದ ಮೇಲೆ ಬೋರಲು ಮಲಗಿದ್ದ ಬುಶ್ರಾ ದಿಂಬಿನಿಂದ ಮುಖ ಎತ್ತಿದಳು. ಅವಳ ಬೆನ್ನಿಗೆ ಮೊಣಕೈ ಊರಿದ್ದ ಮೆಹಬೂಬಿ ಫುಪ್ಪು, ಅವಳನ್ನು ಸಾಕಿದ ಸೋದರತ್ತೆ, ಕೈ ತೆಗೆದರು.

“ಯಾಕ್ರಿ ಡಾಕ್ಟರ್ ಸಾಬ್? ನಾ ಏನರ ತಪ್ಪ್ ಒತ್ತಿದ್ನೇನು?”

“ನಿಮ್ದು ತಪ್ಪಿಲ್ಲ ಖಾಲಾ. ಸೂಪರ್ ಮಾರ್ಕೆಟ್ ಹಿಂದ ಹೆಣ್ಣಮಕ್ಳೇ ನಡಸೋ ಕ್ಲಿನಿಕ್ ಅದ. ಅಲ್ಲಿ ತೋರಸ್ರಿ.”

ಇಷ್ಟೇ. ಕಾರಣ ಹೇಳಲಿಲ್ಲ...

ಬುಶ್ರಾ ಕಮಲಾಪುರದಲ್ಲಿ ಬಟ್ಟೆ ಹೊಲಿಯುವವಳು. ಮಿಷನ್ ಮೇಲೆ ಬಾಗಿ ಬಾಗಿ ಬಲಹೆಗಲು ಕಲ್ಲಾಗಿತ್ತು. ಮೇಲೆ ಮೇಲೆ ಎಣ್ಣೆ ಸವರಿದರೆ ಬಗ್ಗುವ ಗಂಟಲ್ಲ ಅದು. ಆಳಕ್ಕೆ, ನಿಧಾನಕ್ಕೆ ಒತ್ತಿ ಬಿಡಿಸಬೇಕು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಈ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಅಂತ ಇದ್ದವನು ಅಬ್ರಾರ್ ಒಬ್ಬನೇ. “ಗಂಡಸು ಮುಟ್ಟಂಗಿಲ್ಲ” ಎಂದು ಫುಪ್ಪು ಹಟ ಹಿಡಿದಾಗ ಅವನು ನಕ್ಕು, “ಕೈ ನಿಮ್ದು, ಮಾತು ನಂದು” ಎಂದು ಪರದೆ ಎಳೆದಿದ್ದ.

ಅಂದಿನಿಂದ ಆಚೆ ಕೂತು, ಬರೀ ಉಸಿರಿನ ಸಪ್ಪಳ ಕೇಳಿಯೇ ಹೇಳುತ್ತಿದ್ದ. “ಈಗ ಉಸಿರು ಬಿಟ್ರು, ಒತ್ರಿ ಖಾಲಾ... ಜಾರಸಬ್ಯಾಡ್ರಿ... ಹಾಂ, ಅಲ್ಲೇ ನಿಲ್ರಿ.”

ಆ ದನಿಗೇ ಬುಶ್ರಾ ಮನಸ್ಸು ಕೊಟ್ಟುಬಿಟ್ಟಿದ್ದಳು. ಮುಖ ನೋಡಿದ್ದು ಬಾಗಿಲಲ್ಲಿ ಮಾತ್ರ, ಅದೂ ಓರೆಗಣ್ಣಲ್ಲಿ.

ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ತನ್ನನ್ನೇ ಬೈದುಕೊಂಡಳು. ‘ನನ್ನ ಮನಸ್ಸು ಅವರಿಗೆ ಗೊತ್ತಾಯಿತೇನೋ... ಹೇಸಿಕೊಂಡರೇನೋ...’

“ಶುಕ್ರವಾರ ಬೀದರಿನವರು ನಿನ್ನ ನೋಡಾಕ ಬರ್ತಾರ,” ಫುಪ್ಪು ಪಕ್ಕದಲ್ಲಿ ಹೇಳುತ್ತಿದ್ದರು. “ಹುಡುಗಗ ಸ್ವಂತ ಗ್ಯಾರೇಜ್ ಅದ. ಈ ಸಲಾನೂ ಒಲ್ಲೆ ಅಂದ್ರ ನಾ ನಿನ್ನ ಮಾತಾಡಸಂಗಿಲ್ಲ ನೋಡು.”

ಒಲ್ಲೆ ಅನ್ನಲು ಕಾರಣ ಬೇಕಲ್ಲ? ಇದ್ದ ಒಂದೇ ಕಾರಣ, ಬರಬೇಡ ಅಂದಿತ್ತು.

ಬೇರೆ ಕ್ಲಿನಿಕ್‌ಗೆ ಅವಳು ಹೋಗಲಿಲ್ಲ. ಅಳು ನುಂಗಿ ಮಿಷನ್ ತುಳಿದಳು. ಗುರುವಾರ ಬೆಳಿಗ್ಗೆ ಕತ್ತರಿ ಎತ್ತಲು ಹೋದ ಕೈ ಅರ್ಧಕ್ಕೇ ನಿಂತಿತು. ಕುತ್ತಿಗೆ ತಿರುಗಲಿಲ್ಲ. ನೋವಿಗೆ ಕಣ್ಣು ಕತ್ತಲಿಟ್ಟಿತು.

“ಯಾ ಅಲ್ಲಾ, ನಾಳಿಗಿ ಮಂದಿ ಬರ್ತಾರ, ಈಕಿ ಕಂಬ ಆಗಿ ಕೂತಾಳ,” ಎನ್ನುತ್ತ ಫುಪ್ಪು ಆಟೋ ಕರೆಸಿದರು.

“ಐವಾನ್-ಎ-ಶಾಹಿಗೇ ಹೋಗಮು ಫುಪ್ಪು,” ಬುಶ್ರಾ ಬೇಡಿಕೊಂಡಳು. “ಇದೊಂದ್ ಸಲ...”

ಅವರನ್ನು ಕಂಡ ಅಬ್ರಾರನ ಮುಖ ಬಿಳಿಚಿತು. “ನಾ ಹೇಳಿದ್ನಲ್ಲ ಖಾಲಾ... ನನ್ನಿಂದ ಆಗಂಗಿಲ್ರಿ.”

“ಹುಡುಗಿ ಸಾಯಾಕತ್ತಾಳ, ನಿಮ್ದೇನ್ರಿ ನಖರಾ? ಪರದಾ ಎಳೀರಿ.”

ಎಳೆದ. ಮೊಣಕೈ ಊರಿತು. “ಮೆಲ್ಲಕ...” ಎಂದನಷ್ಟೇ, ಈಚೆ ಬುಶ್ರಾಳ ಉಸಿರು ನಿಂತೇಹೋಯಿತು.

“ನೋಡ್ರಿ, ಇದಕ್ಕೇ ಬ್ಯಾಡ ಅಂದಿದ್ದೆ.” ಪರದೆಯಾಚೆ ಕುರ್ಚಿ ಹಿಂದೆ ಸರಿಯಿತು. “ನೋವು ತಡೀಲಾರದಾಗ ಮನುಷ್ಯಾ ಉಸಿರು ಹಿಡೀತಾನ. ನಾ ಬಾಯಿ ತೆಗದಾಗೆಲ್ಲ ಇವರು ಉಸಿರು ಹಿಡೀತಾರ. ನನ್ನ ಮಾತಿಗಿ ಇಷ್ಟ್ ಹೆದರ್ತಾರಂದ್ರ... ಮನಿಗಿ ಹೋದ್ರ ನನಗ ಊಟ ಸೇರಂಗಿಲ್ರಿ ಖಾಲಾ.”

ಹೇಸಿಗೆಯಲ್ಲ... ಹೇಸಿಗೆ ಅಲ್ಲವೇ ಅಲ್ಲ! ಬುಶ್ರಾ ದಿಂಬಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಈಗ ಹೇಳದಿದ್ದರೆ ನಾಳೆ ಹೇಳಲು ಏನೂ ಉಳಿಯುವುದಿಲ್ಲ.

“ನೋವಿಗಲ್ರಿ,” ಎಂದಳು.

“ಮತ್ತ?”

“ನೀವು ಮಾತಾಡುವಾಗ... ನನ್ನ ಉಸಿರಿನ ಸಪ್ಪಳದಾಗ ಒಂದು ಮಾತೂ ತಪ್ಪಿಹೋಗಬಾರದು ಅಂತ.”

ಫುಪ್ಪುವಿನ ಮೊಣಕೈ ಇದ್ದಲ್ಲೇ ನಿಂತಿತು. ಪರದೆಯಾಚೆ ಈಗ ಉಸಿರು ಹಿಡಿದವನು ಅವನು.

“ನಾಳೆ ಬೀದರಿನವರು ನನ್ನ ನೋಡಾಕ ಬರ್ತಾರ್ರಿ,” ಎಂದಳು ಬುಶ್ರಾ.

“ಬುಶ್ರಾ...” ಮೊದಲ ಸಲ ಹೆಸರು ಹಿಡಿದು ಕರೆದ. “ಇವತ್ತ ಸಂಜೀಕ ಅಮ್ಮೀನ ಕರ್ಕೊಂಡು ಕಮಲಾಪುರಕ್ಕ ಬರ್ಲೇನು?”

“ಫುಪ್ಪುನ ಕೇಳ್ರಿ.”

“ಅವರನ್ನ ಅಮ್ಮಿ ಕೇಳ್ತಾರ. ನಾ ನಿಮ್ಮನ್ನ ಕೇಳಾಕತ್ತೀನಿ.”

“...ಬರ್ರಿ.”

ಫುಪ್ಪು ಮೊಣಕೈಗಂಟಿದ ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಂಡರು. ಕಿಟಕಿಯಿಂದ ತಲೆ ಹೊರಹಾಕಿ, ಕೆಳಗೆ ಕಾಯುತ್ತಿದ್ದ ಆಟೋದವನನ್ನು ಕೂಗಿ, “ನೀ ಹೋಗಪಾ, ಸಂಜೀಕ ಇವರ ಜೋಡೀನೇ ಬರ್ತೀವಿ,” ಎಂದು ಕೈಬೀಸಿ ಕಳಿಸಿಬಿಟ್ಟರು.