ಬಲಗಡೆ ಸೆರಗಿನ ಕರಡು

ದಿನಾಂಕ 8-11-2025, ಶನಿವಾರ, ಬೆಳಿಗ್ಗೆ 11-40. ಸಿಂಧನೂರಿನ ಠಾಣೆಗೆ ಬಂದ ಅನುಪಮಾ ಎಂಬ ಮೂವತ್ತೊಂದರ ಹೆಣ್ಣುಮಗಳು ಕುರ್ಚಿ ತೋರಿಸಿದರೂ ಕೂಡಲಿಲ್ಲ. ಊರು ಮಸ್ಕಿ. ಉದ್ಯೋಗ, ಪತ್ರಿಕೆಗಳಿಗೆ ಚಿತ್ರ ಬರೆದುಕೊಡುವುದು.

"ಏನು ಕಳುವಾಗೈತ್ರೀ?" ಎಂದು ಕೇಳಿದವರು ಇನ್‌ಸ್ಪೆಕ್ಟರ್ ವಿರೇಶ.

"ಒಂದು ಹಾಳೀರಿ. ಪೆನ್ಸಿಲ್ಲಿನ ಕರಡು."

ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ರಹೀಮಾಬೀ ಪೆನ್ನು ಎತ್ತಿದರು. "ಹಾಳಿ?"

ಹಾಳೆಯೇ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ನಾಲ್ವರು ಕಲಾವಿದರು ಈ ವರ್ಷ ಪತ್ರಿಕೆಗಳು ಹೇಳಿ ಬರೆಸಿದ ಚಿತ್ರಗಳನ್ನೆಲ್ಲ ಸೇರಿಸಿ, ಬಸ್ ನಿಲ್ದಾಣದ ಹಿಂದಿನ ಸಭಾಭವನದಲ್ಲಿ ಗುರುವಾರದಿಂದ ಪ್ರದರ್ಶನ ಇಟ್ಟಿದ್ದರು. ಊರಿಂದ ಊರಿಗೆ ನೌಕರಿಗೆ ಓಡಾಡುವ ಹೆಂಗಸರ ಬಗ್ಗೆ ಬಂದ ಲೇಖನವೊಂದಕ್ಕೆ ಅನುಪಮಾ ಬರೆದ ಬಣ್ಣದ ಚಿತ್ರವೂ ಅಲ್ಲಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತ ಒಬ್ಬ ಹೆಂಗಸು. ಪಕ್ಕದಲ್ಲೇ ಅದರ ಕರಡು. ಬಣ್ಣದ್ದು ಚೌಕಟ್ಟಿನ ಸಮೇತ ಗೋಡೆಯ ಮೇಲೇ ಇದೆ. ಕರಡು ಇಲ್ಲ.

"ಇನ್ನೊಂದು ಬರದ್ರಾತಲ್ಲವ್ವಾ," ಎಂದರು ರಹೀಮಾಬೀ.

"ಆಗಂಗಿಲ್ರೀ ಅಕ್ಕಾ. ಈ ಚಿತ್ರ ಕೈಲೆ ಬರದದ್ದಲ್ಲ, ಕಂಪ್ಯೂಟರಿಗೆ ಹೇಳಿ ಮಾಡಿಸ್ಯಾಳ ಅಂತ ಯಾರೋ ಪತ್ರಿಕೆಗೆ ಕಾಗದ ಹಾಕ್ಯಾರ. ಮಂಗಳವಾರದೊಳಗ ಕರಡು ಕಳಿಸ್ರಿ, ಫೋಟೊ ನಡಿಯಂಗಿಲ್ಲ, ಇಲ್ಲಂದ್ರ ಮುಂದ ನಿಮ್ಮ ಚಿತ್ರ ಹಾಕಂಗಿಲ್ಲ ಅಂದಾರ ಸಂಪಾದಕರು. ನಾ ಯಾರಿಗೂ ಕಾಣದಂಗ ಒಬ್ಬಾಕಿನ ಬರಿಯಾಕಿ. ಬರದದ್ದು ನೋಡಿದೋರು ಯಾರೂ ಇಲ್ಲ. ಆ ಹಾಳಿನ ನನ್ನ ಸಾಕ್ಷಿ."

ವಿರೇಶ ಎಫ್‌ಐಆರ್ ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡರು.

12-25ಕ್ಕೆ ಸ್ಥಳ ಪಂಚನಾಮೆ. ಹಾಳೆ ಹರಿದಿರಲಿಲ್ಲ. ಅದನ್ನು ಹಿಡಿದಿದ್ದ ನಾಲ್ಕು ಕ್ಲಿಪ್ಪುಗಳು ಕೆಳಗಿನ ಮೇಜಿನ ಮೇಲೆ ಸಾಲಾಗಿದ್ದವು. ಸಿಸಿಟಿವಿ ಇಲ್ಲ. ಕಾವಲಿನ ಪಂಪಣ್ಣ ಹತ್ತರಿಂದ ಹನ್ನೊಂದರವರೆಗೆ ಬಾಗಿಲಲ್ಲೇ ಇದ್ದೆನೆಂದು ಎರಡು ಸಲ ಹೇಳಿದ. ಮೂರನೆಯ ಸಲ ಕೇಳಿದಾಗ, "ಚಾಕ್ಕ ಹೋಗಿದ್ನಿರೀ, ಹತ್ತು ನಿಮಿಷ. ಮಂದೀನೂ ಬರಂಗಿಲ್ಲರೀ. ನಿನ್ನಿ ದಿನಪೂರ್ತಿ ಏಳು ಮಂದಿ, ಅದರಾಗ ನಾನೂ ಒಬ್ಬ" ಎಂದ.

ಕಳುವಾದ ಕರಡಿನ ಫೋಟೊ ಅನುಪಮಾಳ ಮೊಬೈಲಿನಲ್ಲಿತ್ತು. ರಹೀಮಾಬೀ ಅದನ್ನೂ ಗೋಡೆಯ ಮೇಲಿನ ಬಣ್ಣದ ಚಿತ್ರವನ್ನೂ ನೋಡಿ ನಕ್ಕರು.

"ಇದೇನವ್ವಾ, ಅಲ್ಲಿ ಸೆರಗು ಎಡಗಡೆ, ಇಲ್ಲಿ ಬಲಗಡೆ. ಬಸ್ಸಿನ್ಯಾಗ ಕುಂತು ಗುಜರಾತಿ ಸೇಠಾಣಿ ಆಗ್ಯಾಳ."

"ಕನ್ನಡಿ ನೋಡಿ ಬರದೀನ್ರೀ," ಎಂದಳು ಅನುಪಮಾ. "ಎದುರಿಗೆ ಕುಂತು ದಿಟ್ಟಿಸಿದ್ರ ಮಂದಿ ಮುಖ ತಿರುವ್ತಾರ. ಅದಕ್ಕ ನಾ ಡ್ರೈವರ್ ಹಿಂದಿನ ಸೀಟಿನ್ಯಾಗ ಕುಂತು, ಮ್ಯಾಲಿನ ಕನ್ನಡ್ಯಾಗ ಹಿಂದ ಕುಂತೋರನ್ನ ಬರೀತೀನಿ. ಕನ್ನಡ್ಯಾಗ ಎಡ ಬಲ ಅದಲುಬದಲು ಆಗ್ತದ. ಬಣ್ಣ ಹಾಕಾಗ ಸರಿ ಮಾಡ್ತೀನಿ."

"ಈಕಿ ಯಾರು?"

"ಹೆಸರು ಕೇಳಿಲ್ರೀ. ಮಸ್ಕಿಯಿಂದ ದಿನಾ ಬರ್ತಿದ್ರು."

ವಿರೇಶ ಎರಡು ಚಿತ್ರಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತ ನಿಂತರು. ಚೆಂದದ ಕಟ್ಟಿನದನ್ನು ಬಿಟ್ಟು ಅದಲುಬದಲಾದದ್ದನ್ನು ಒಯ್ದಿದ್ದಾನೆ ಎಂದರೆ, ಅವನ ಕಣ್ಣಿಗೆ ಅದೇ ಸರಿಯಾಗಿ ಕಂಡಿರಬೇಕು.

ಮೇಜಿನ ಮೇಲೆ ಅಭಿಪ್ರಾಯದ ಪುಸ್ತಕವಿತ್ತು. ರಹೀಮಾಬೀ ಹಾಳೆ ತಿರುವಿದರು. ಗುರುವಾರದ ಒಂದು ಸಾಲಿಗೆ ಹೆಸರಿಲ್ಲ, ಅಭಿಪ್ರಾಯವೂ ಇಲ್ಲ: 'ಬಂದದ್ದು 10-05. ಹೋದದ್ದು 10-32.' ಶುಕ್ರವಾರ ಅದೇ ಕೈಬರಹ: 'ಬಂದದ್ದು 10-04. ಹೋದದ್ದು 10-35.' ಶನಿವಾರ: 'ಬಂದದ್ದು 10-07.' ಹೋದದ್ದು ಬರೆದಿರಲಿಲ್ಲ.

"ಚಿತ್ರ ನೋಡಾಕ ಬಂದಾವ ಟೈಮ್ ಯಾಕ ಬರೀತಾನ್ರೀ ಸರ?"

"ದಿನಾ ಬರದು ರೂಢಿ ಇದ್ದಾವ ಬರೀತಾನ," ಎಂದು ವಿರೇಶ ಪುಸ್ತಕವನ್ನು ಜಪ್ತಿ ಮಾಡಿಕೊಂಡು ನಿಲ್ದಾಣದ ಕಡೆ ನಡೆದರು.

ನಿಲ್ದಾಣದ ಕಂಟ್ರೋಲರ್ ಹನುಮಂತುಗೆ ತನ್ನ ರಿಜಿಸ್ಟರನ್ನು ಪುಸ್ತಕದ ಪಕ್ಕದಲ್ಲಿಟ್ಟು ಹೋಲಿಸಲು ಅರ್ಧ ನಿಮಿಷ ಸಾಕಾಯಿತು. "ಇದು ನಮ್ಮ ಮೈಲಾರಿ ಅಕ್ಷರರೀ. ಮೈಲಾರಲಿಂಗಪ್ಪ. ಲಿಂಗಸುಗೂರು ಗಾಡಿ ಡ್ರೈವರ್. 9-40ಕ್ಕ ಬರ್ತಾನ, 10-45ಕ್ಕ ಹೊಳ್ಳಿ ಬಿಡ್ತಾನ. ಏನ್ ಮಾಡ್ಯಾನ್ರೀ? ಮೂವತ್ತು ವರ್ಷಕ್ಕ ಒಂದು ನಾಯಿ ಮ್ಯಾಲೂ ಗಾಡಿ ಹಾಯಿಸಿಲ್ಲರೀ ಅವ."

"ಮನಿಯಾಗ ಯಾರದಾರ?"

"ಯಾರಿಲ್ರೀ. ಹೆಂಡ್ತಿ ತೀರಿಕೊಂಡು ಭಾಳ ವರ್ಷಾತು. ಮಕ್ಕಳಿಲ್ಲ. ಮಾತೂ ಕಮ್ಮಿ. ಚಾ ಕುಡ್ಯಾಕ ಕರದ್ರ, ನೀವು ಕುಡೀರಿ ಅಂತಾನ."

ಸಂಜೆ 4-20. ಲಿಂಗಸುಗೂರಿನ ಡಿಪೋ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲು ತೆರೆದವನಿಗೆ ಐವತ್ತೆಂಟು ದಾಟಿದೆ, ಖಾಕಿ ಅಂಗಿ ಇನ್ನೂ ಮೈಮೇಲಿದೆ. ಪೊಲೀಸರನ್ನು ಕಂಡು ಅವನು ಹಿಂದೆ ಸರಿದು ದಾರಿ ಬಿಟ್ಟ.

ವಿರೇಶ ಬಣ್ಣದ ಚಿತ್ರದ ಪ್ರತಿಯನ್ನು ಮುಂದೆ ಹಿಡಿದರು. "ಇವರು ಗೊತ್ತೇನು?"

ಮೈಲಾರಲಿಂಗಪ್ಪ ಬಹಳ ಹೊತ್ತು ನೋಡಿದ. "ಇಲ್ರೀ."

"ನಿಮ್ಮ ಬಸ್ಸಿನ್ಯಾಗ ಬರ್ತಿದ್ರು."

"ಅವರಲ್ಲರೀ ಇವರು. ಅವರಂಗ ಅದಾರ. ಅವರ ಮಚ್ಚಿ ಈ ಗಲ್ಲದ ಮ್ಯಾಲ ಐತಿ," ಎಂದು ಚಿತ್ರದ ಇನ್ನೊಂದು ಕೆನ್ನೆಯನ್ನು ಬೆರಳಿನಿಂದ ತೋರಿಸಿದ.

"ಅವರನ್ನ ಯಾವಾಗರ ಎದುರಿಗೆ ನೋಡೀರೇನು?"

"ಇಲ್ರೀ. ನನ್ನ ಮುಖ ರೋಡಿನ ಕಡೆ ಇರ್ತದ. ಕನ್ನಡ್ಯಾಗ ನೋಡೀನಿ."

ಕರಡನ್ನು ಹುಡುಕಬೇಕಾಗಲಿಲ್ಲ. ಮಂಚದ ಎದುರಿನ ಗೋಡೆಯಲ್ಲಿ, ತಲೆಗಿಂತ ಎತ್ತರದಲ್ಲಿ, ರಟ್ಟಿಗೆ ಅಂಟಿಸಿ ತೂಗುಹಾಕಿದ್ದ. ಮೇಲ್ತುದಿ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಬಾಗಿತ್ತು, ಬಸ್ಸಿನ ಕನ್ನಡಿ ಬಾಗಿರುವಂತೆ.

"ಯಾಕ ತಂದ್ರಿ?"

"ಜುಲೈದಾಗ ಬರೂದು ಬಿಟ್ರು ಸರ. ನಾಕು ವರ್ಷ ದಿನಾ ಮಸ್ಕ್ಯಾಗ ಹತ್ತಿ, ಮೂರನೇ ಸೀಟಿನ್ಯಾಗ ಕುಂತು, ಒಮ್ಮಿ ಕನ್ನಡಿ ಕಡೆ ನೋಡಿ ನಗ್ತಿದ್ರು. ಆಮ್ಯಾಲ ನಾ ಗೇರ್ ಹಾಕ್ತಿದ್ದೆ. ಜಡ್ಡಾಗ್ಯಾರೋ, ಏನಾಗೇತೋ. ಕಂಡಕ್ಟರ್‌ನ್ನ ಕೇಳಬೇಕಿತ್ತು. ಏನಂತ ಕೇಳ್ಲಿ? ಹೆಸರ ಗೊತ್ತಿಲ್ಲ. ಎರಡು ದಿನ ನೋಡಿ ಬಂದೆ. ಇವತ್ತು ಕಡೀ ದಿನ ಅಂದ್ರು."

ಪಂಚರ ಎದುರು ಜಪ್ತಿ ಪಂಚನಾಮೆ ಆಯಿತು. 5-35ಕ್ಕೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ಮೈಲಾರಲಿಂಗಪ್ಪನನ್ನು ದಸ್ತಗಿರಿ ಮಾಡಲಾಯಿತು. ಅವನು ಮನೆಗೆ ಬೀಗ ಹಾಕಿ, ಕೀಲಿಯನ್ನು ಯಾರಿಗೆ ಕೊಡುವುದೆಂದು ಅತ್ತಿತ್ತ ನೋಡಿ, ಕೊನೆಗೆ ರಹೀಮಾಬೀ ಕೈಗೆ ಕೊಟ್ಟ.

ಠಾಣೆಯಲ್ಲಿ ಕಾಯುತ್ತಿದ್ದ ಅನುಪಮಾಗೆ ಇನ್ನೊಂದು ಸಂಕಟ. ಕರಡು ಈಗ ಮುದ್ದೆಮಾಲು, ನ್ಯಾಯಾಲಯ ಹೇಳದೆ ಕೈಗೆ ಕೊಡುವಂತಿಲ್ಲ. ವಿರೇಶ ಜಪ್ತಿ ಪಂಚನಾಮೆಯ ಪ್ರತಿಯನ್ನು ಫೋಟೊ ಸಮೇತ ದೃಢೀಕರಿಸಿ ಕೊಟ್ಟರು. ಅದರಲ್ಲಿ ಹೀಗಿತ್ತು: 'ಹಾಳೆಯ ಮೇಲೆ ಪೆನ್ಸಿಲಿನಿಂದ ಕೈಯಲ್ಲಿ ಬರೆದ ಹೆಂಗಸಿನ ಚಿತ್ರ. ಕುತ್ತಿಗೆಯ ಬಳಿ ಮೂರು ಕಡೆ ರಬ್ಬರಿನಿಂದ ಉಜ್ಜಿದ ಗುರುತು. ಬಲ ಅಂಚಿನಲ್ಲಿ ಬರೆದವರ ಹೆಬ್ಬೆರಳಿನ ಮಸಿ.'

"ಸಂಪಾದಕರಿಗೆ ಇದನ್ನ ಕಳಸ್ರಿ," ಎಂದರು. "ಐದು ಮಂದಿ ಸಹಿ ಐತಿ ಇದಕ್ಕ."

ಅನುಪಮಾ ಅದನ್ನು ಎರಡು ಸಲ ಓದಿದಳು. ಅವಳು ಎಷ್ಟು ಸಲ ಅಳಿಸಿದ್ದಾಳೆಂದು ಇದುವರೆಗೆ ಯಾರೂ ಎಣಿಸಿರಲಿಲ್ಲ.

ಭಾನುವಾರ ನಸುಕಿನಲ್ಲೇ ಹೊರಟ ರಹೀಮಾಬೀ ಮಸ್ಕಿಯ ಕಂಡಕ್ಟರುಗಳನ್ನು ವಿಚಾರಿಸಿ ಆ ಹೆಂಗಸಿನ ಪತ್ತೆ ಹಚ್ಚಿ, ಮುದಗಲ್‌ಗೆ ಹೋಗಿ ಹೇಳಿಕೆ ಬರೆದುಕೊಂಡು ಹತ್ತು ಗಂಟೆಯೊಳಗೆ ಬಂದರು. ಹೆಸರು ಪದ್ಮಾವತಿ, ಶಾಲೆಯೊಂದರಲ್ಲಿ ಗುಮಾಸ್ತೆ. ಜುಲೈನಲ್ಲಿ ವರ್ಗವಾಗಿ ಮನೆಯೂ ಮುದಗಲ್‌ಗೆ ಬಂದಿದೆ, ಈಗ ಬೇರೆ ಬಸ್ಸು.

ಹೇಳಿಕೆ ನಾಲ್ಕೇ ಸಾಲು. 'ಸದರಿ ಚಾಲಕರು ಯಾರೆಂದು ನನಗೆ ಗೊತ್ತಿಲ್ಲ. ಅವರ ಬೆನ್ನನ್ನಷ್ಟೇ ನೋಡಿದ್ದೇನೆ. ಬೆಳಿಗ್ಗೆ ಮನೆಯ ಗಡಿಬಿಡಿಯಲ್ಲಿ ಆಗುತ್ತಿರಲಿಲ್ಲವಾದ್ದರಿಂದ ಬಸ್ಸಿನ ಕನ್ನಡಿ ನೋಡಿ ಕುಂಕುಮ ಸರಿಮಾಡಿಕೊಳ್ಳುತ್ತಿದ್ದೆ. ಸರಿಯಾಯಿತೆಂದು ಕಂಡರೆ ನಗು ಬರುತ್ತಿತ್ತು.'

ವಿರೇಶ ಅದನ್ನು ಕಡತಕ್ಕೆ ಸೇರಿಸಿದರು. ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗಿತ್ತು. ಮೈಲಾರಲಿಂಗಪ್ಪ ಹಿಂದಿನ ಸೀಟಿನಲ್ಲಿ ಕೂತಿದ್ದ. ಬಹುಶಃ ಎಷ್ಟೋ ವರ್ಷಗಳ ನಂತರ ಅವನು ಹಿಂದಿನ ಸೀಟಿನಲ್ಲಿ ಕೂತದ್ದು.

"ಅವರು ಸಿಕ್ರೇನ್ರೀ ಸರ?"

"ಸಿಕ್ರು. ವರ್ಗ ಆಗ್ಯಾದ. ಆರಾಮ ಅದಾರ."

"ಏನರ ಅಂದ್ರೇನು?"

ಮುಂದಿನ ಸೀಟಿನಲ್ಲಿದ್ದ ವಿರೇಶ ಮೇಲಿನ ಕನ್ನಡಿಯಲ್ಲಿ ಅವನ ಮುಖವನ್ನು ನೋಡಿದರು.

"ಹೂಂ," ಎಂದರು. "ಆರಾಮ ಅದೀನಿ ಅಂತ ಹೇಳ್ರಿ ಅಂದಾರ."

ಮೈಲಾರಲಿಂಗಪ್ಪ ತಲೆಯಾಡಿಸಿದ. ಜೀಪು ಹೊರಟದ್ದು 10-45ಕ್ಕೆ.