ಹೆಳವ ಹೇಳಿದ ಕೊನೆಯ ಹೆಸರು

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸೆರೆಯಾಳಾಗಿ ಬಳ್ಳಾರಿಗೆ ಬಂದಿದ್ದ ವಿಲ್ಲೆಮ್, ಬಿಡುಗಡೆಯಾದ ಮೇಲೆ ನಮ್ಮ ರಾಮಗಿರಿ ಸ್ಟೇಶನ್ನಿನಲ್ಲಿ ಕೆಲಸಕ್ಕಿದ್ದ. ಬಸುರಿ ಹೆಂಡತಿಯನ್ನು ಬಿಟ್ಟುಬಂದು ಎರಡು ವರ್ಷವಾಗಿತ್ತು. ಒಂದು ಕಾಗದವೂ ಇಲ್ಲ. ಅವ್ವ ಅವನಿಗೆ ದಿನಾ ರೊಟ್ಟಿ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಅವನು ನಮ್ಮ ಜಗಲಿಯಲ್ಲಿ ಉಣ್ಣುತ್ತಿದ್ದಾಗ, ವಂಶಾವಳಿ ಹೇಳುವ ಹೆಳವನೊಬ್ಬ ಎತ್ತಿನ ಮೇಲೆ ಬಂದ. ಎತ್ತಿನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಪ್ಪ, ಕೆರೆ ಈಜಿ ಬಂದ್ಯಾ?" ಎಂದಳು ಅವ್ವ.

ಹೆಳವ ವಿಲ್ಲೆಮ್‌ನತ್ತ ಕೈ ತೋರಿದ. "ಇವ್ರ ವಂಶ ಹೇಳಾಕೆ ಬಂದೀನಿ ತಾಯಿ. ಹಡಗಿಳಿದ ಯಾನ್, ಅವನ ಮಗ ಹೆಂಡ್ರಿಕ್, ಅವನ ಮಗ ಪೀಟರ್, ಅವನ ಮಗ ವಿಲ್ಲೆಮ್. ಇವನ ಮಗಳು ಹನ್ನಾ, ತನ್ನ ಅವ್ವನ ಜತಿಗೆ ಸುಖವಾಗವಳೆ."

ವಿಲ್ಲೆಮ್ ಅತ್ತುಬಿಟ್ಟ. ಅವನ ಪರವಾಗಿ ಹೆಳವನಿಗೆ ಕೊಡಲು ಅವ್ವ ಮೊರದ ತುಂಬ ರಾಗಿ ತಂದಳು. ಅಂಗಳ ಖಾಲಿ. ಮೊರದಲ್ಲಿದ್ದ ರಾಗಿ ಉಪ್ಪುನೀರಲ್ಲಿ ನೆನೆದಿತ್ತು.

ಮೂರು ತಿಂಗಳಿಗೆ ಕಾಗದ ಬಂತು: ಹೆಂಡತಿ ಕ್ಷೇಮ, ಮಗಳ ಹೆಸರು ಹನ್ನಾ. ಅವನು ಊರಿಗೆ ಹಡಗು ಹತ್ತಿದ.

ಆ ರಾಗಿ ಮಾತ್ರ, ಅವ್ವ ಎಷ್ಟು ಬಿಸಿಲಿಗೆ ಹರವಿದರೂ, ಒಣಗಲೇ ಇಲ್ಲ.