ಸಹಿ ಇಲ್ಲದೆ ಕೆಡವಬಾರದ ಗೋಡೆ

"ಆ ಗೋಡೆಗೆ ಮೊಳೆ ಹೊಡೀಬೇಡಿ ಸಾಹೇಬ್ರೆ," ಎಂದ ಬಾಮೊಯಿ ಮೇಸ್ತ್ರಿ. "ಹೊಡೆದ ತೂತನ್ನ ಅದು ತಾನೇ ಮುಚ್ಕೊಳ್ಳುತ್ತೆ. ಒಳಗೆ ಏನ್ ಸಿಕ್ಕಿದ್ರೂ ಅದರ ಸಮೇತ."

ದ್ರಿಸ್ಸಾ ನಕ್ಕ. ಹಳೆಯ ಮಣ್ಣಿನ ಮನೆಗಳನ್ನು ಕಾಪಾಡುವ ಅಧಿಕಾರಿಯಾಗಿ ರಾಜಧಾನಿ ಬಮಾಕೊದಿಂದ ಜೆನ್ನೆ ಊರಿಗೆ ಹೊಸದಾಗಿ ಬಂದವನು. ಅವನ ಬಗಲಲ್ಲಿದ್ದ ತಗಡಿನ ಫಲಕದಲ್ಲಿ ಬರೆದಿತ್ತು: ಸಂರಕ್ಷಿತ ಮನೆ. ಅಧಿಕಾರಿಯ ಸಹಿ ಇಲ್ಲದೆ ಒಂದು ಹಿಡಿ ಮಣ್ಣನ್ನೂ ಕೆಡವತಕ್ಕದ್ದಲ್ಲ.

"ಅಲಸಂದೆ ತಿನ್ನೋರ ಮಾತೆಲ್ಲ ಬರೀ ಗಾಳಿ," ಎಂದು ಛೇಡಿಸಿದ. ಮೇಸ್ತ್ರಿ ನಗಲಿಲ್ಲ. ಆ ಸೀಮೆಯಲ್ಲಿ ಒಂದು ಕುಲದವರು ಇನ್ನೊಂದು ಕುಲದವರನ್ನು ಅಲಸಂದೆ ತಿನ್ನೋರೆಂದು ಛೇಡಿಸುವುದು ವಾಡಿಕೆ; ಈ ತಮಾಷೆಗೆ ಹೆಣ ಹೊತ್ತವನೂ ಒಂದಿಷ್ಟು ನಗುತ್ತಾನೆ.

ಜೆನ್ನೆಯಲ್ಲಿ ಪ್ರತಿ ಮನೆಗೂ ಅದರದೇ ಮೇಸ್ತ್ರಿ ವಂಶ. ಮೊದಲ ಇಟ್ಟಿಗೆಗೆ ಮಂತ್ರ ಹೇಳಿ ಉಗುಳಿದವನ ಮಕ್ಕಳೇ ಕೊನೆತನಕ ಗಿಲಾವು ಮಾಡಬೇಕು. ಈ ಮನೆಯ ಯಜಮಾನ ಆ ಕಟ್ಟು ಮುರಿದಿದ್ದ. ಬಾಮೊಯಿಯ ಅಪ್ಪ ಏಣಿಯ ಮೇಲಿರುವಾಗಲೇ ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದಿದ್ದ. ಮುದುಕ ಇಳಿದುಬಂದು, ಗೋಡೆಗೆ ಬಾಯಿಟ್ಟು ಏನೋ ಪಿಸುಗುಟ್ಟಿ ಹೊರಟುಹೋದ. ಮರುದಿನ ನೋಡಿದರೆ, ಗಿಲಾವಾಗದೆ ಉಳಿದಿದ್ದ ಗೋಡೆಯ ಬಿರುಕು ತಾನೇ ಮುಚ್ಚಿತ್ತು. ಯಜಮಾನ ಇರಲಿಲ್ಲ.

ಅಂದಿನಿಂದ ಅವನ ಹೆಂಡತಿ ಕಾದಿಯಾ ಅಣ್ಣನ ಮನೆಯಲ್ಲಿದ್ದುಕೊಂಡು ಮಳೆಗೆ ಕಾಯುತ್ತಿದ್ದಳು. ಶಾಪದ ಗೋಡೆಗೆ ಹಾರೆ ಹಾಕಲು ಯಾರೂ ಒಪ್ಪಿರಲಿಲ್ಲ. ಗಿಲಾವು ಕಾಣದ ಮನೆಯನ್ನು ಮಳೆಯೇ ಕರಗಿಸುತ್ತದೆ. ಈಗಾಗಲೇ ಮಾಳಿಗೆ ಅರ್ಧ ಕುಸಿದಿತ್ತು.

"ಇದೊಂದು ಮಳೆಗಾಲ ಬಿಡಿ ಸಾಹೇಬ್ರೆ," ಎಂದಳು ಸುದ್ದಿ ಕೇಳಿ ಓಡಿಬಂದಿದ್ದ ಅವಳು. "ನನ್ನ ಗಂಡನ್ನ ಮಣ್ಣು ಮಾಡ್ಬೇಕು."

"ಮಣ್ಣಲ್ಲೇ ಇದಾನಲ್ಲಮ್ಮ, ಇನ್ನೇನು?" ಎಂದ ದ್ರಿಸ್ಸಾ. "ಇವತ್ತೇ ಗಿಲಾವು. ಕೆಡವಬೇಕು ಅಂದ್ರೆ ನನ್ನ ಸಹಿ ಬೇಕು. ಬಾಯಿಮಾತು ನಡೆಯಲ್ಲ."

ಮೊಪ್ತಿಯಿಂದ ಕರೆಸಿದ ಕೂಲಿಗಳು ಬೀದಿಯಲ್ಲಿ ಭತ್ತದ ಹೊಟ್ಟು ಕೊಳೆಸಿದ ಕೆಸರನ್ನು ತುಳಿಯುತ್ತಿದ್ದರು. ಅದರ ನಾತ ಮೂಗಿಗೆ ಬಡಿಯುತ್ತಿತ್ತು. ದ್ರಿಸ್ಸಾ ಫಲಕವನ್ನಿಟ್ಟು ಮೊಳೆ ಹೊಡೆದ. ಗೋಡೆ ಚಟ್ಟನೆ ಸೀಳಿ, ಬಿರುಕು ಒಳಗಿನ ಕೋಣೆಯತ್ತ ಓಡಿತು.

ಎಷ್ಟು ಒಡೆದಿದೆಯೋ ನೋಡೋಣವೆಂದು ಅವನು ಒಳಹೊಕ್ಕ. ಕಿಟಕಿಯಿಲ್ಲದ ಉಗ್ರಾಣ. ಹಾಡುಹಗಲಲ್ಲೂ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂಥ ಕತ್ತಲು. ಗೋಡೆಯನ್ನು ತಡವುತ್ತ ಹೋಗಿ ಬಿರುಕಿನೊಳಕ್ಕೆ ಬಲಗೈ ತೂರಿಸಿದ. ಒಳಗೆ ಒದ್ದೆ. ತಿಂಗಳುಗಟ್ಟಲೆ ಮಳೆ ಕಾಣದ ಗೋಡೆ ಬೆಚ್ಚಗೆ ಒದ್ದೆಯಾಗಿತ್ತು.

ಕೈ ಹಿಂದೆ ಬರಲಿಲ್ಲ.

ಎಳೆದ. ಇನ್ನೂ ಬಿಗಿಯಿತು. ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಮಣ್ಣು ಮೊಣಕೈಗೆ ಏರಿತು. ಭುಜಕ್ಕೆ ಏರಿತು. ಅವನ ಅರಚಾಟಕ್ಕೆ ಬಾಮೊಯಿ ಹಾರೆ ಹಿಡಿದು ಓಡಿಬಂದ. ಕಾದಿಯಾ ಬಾಗಿಲಿಗೆ ಅಡ್ಡ ನಿಂತಳು.

"ಗೋಡೆ ಒಡೀರಿ!"

"ಸಹಿ ಎಲ್ಲಿ ಸಾಹೇಬ್ರೆ?" ಎಂದಳು ಕಾದಿಯಾ.

"ನಾನೇ ಹೇಳ್ತಿದೀನಲ್ಲೇ, ನಾನೇ ಅಧಿಕಾರಿ!"

"ಬಾಯಿಮಾತು ನಡೆಯಲ್ಲ ಅಂದ್ರಲ್ಲ."

ಸಹಿ ಹಾಕುವ ಕೈ ಗೋಡೆಯೊಳಗಿತ್ತು. "ಬಾಮೊಯಿ, ನಿನ್ನ ಅಪ್ಪನ ಮಂತ್ರ ಬಿಚ್ಚು!"

"ಕಟ್ಟೋ ಮಾತು ಕಲಿಸಿದ," ಎಂದ ಮೇಸ್ತ್ರಿ. "ಬಿಚ್ಚೋದನ್ನ ಕಲಿಸದೇ ಸತ್ತ."

ಆಗ ಗೋಡೆಯೊಳಗೆ ಇನ್ನೊಂದು ಕೈ ದ್ರಿಸ್ಸಾನ ಬೆರಳುಗಳನ್ನು ಹಿಡಿದುಕೊಂಡಿತು. ಎಲುಬಿನ ಕೈ.

"ಒಳಗೆ... ಯಾರೋ ಇದಾರೆ. ಕೈ ಹಿಡ್ಕೊಂಡಿದಾರೆ."

ಕಾದಿಯಾಳ ಮುಖ ಬದಲಾಯಿತು. ಹತ್ತಿರ ಬಂದಳು. "ಕಿರುಬೆರಳಲ್ಲಿ ಉಂಗುರ ಇದೆಯಾ?"

"ಇದೆ. ಇದೆಯಮ್ಮ. ಒಡೀರಿ, ನಿಮ್ಮ ಗಂಡನೂ ಸಿಗ್ತಾನೆ. ದಮ್ಮಯ್ಯ."

ಬಾಮೊಯಿ ಹಾರೆ ಎತ್ತಿದ. ಬಡಿದ. ತೂತು ಬಿದ್ದಷ್ಟೂ ಮುಚ್ಚಿತು. ಒಂದೊಂದು ಪೆಟ್ಟಿಗೂ ದ್ರಿಸ್ಸಾ ಒಂದೊಂದು ಗೇಣು ಒಳಸರಿದ. ಎದೆ. ಕತ್ತು. ಹಾರೆ ಎಸೆದು ಮೇಸ್ತ್ರಿ ಓಡಿದ.

ಕಾದಿಯಾ ಗೋಡೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಇನ್ನೂ ಹೊರಗುಳಿದಿದ್ದ ದ್ರಿಸ್ಸಾನ ಒಂದೇ ಕಿವಿಗೆ ಬಾಗಿ ಹೇಳಿದಳು. "ಕೈ ಬಿಡಬೇಡಿ. ಅವರು ಬಹಳ ದಿನದಿಂದ ಒಬ್ಬರೇ ಇದ್ರು."

ಹೊರಗೆ ಕೂಲಿಗಳು ಕೆಲಸ ಶುರು ಮಾಡಿದರು. ಗೋಡೆಯ ಮೇಲೆ ಕೆಸರು ಬೀಳುವ ಸದ್ದು ದ್ರಿಸ್ಸಾನಿಗೆ ಕೇಳಿಸಿತು. ತಪ್, ತಪ್. ಅವನೇ ಅಪ್ಪಣೆ ಕೊಟ್ಟಿದ್ದ: ಗಿಲಾವು ದಪ್ಪಗಿರಲಿ, ನೂರು ವರ್ಷ ನಿಲ್ಲಬೇಕು.